ಕಾಲು ನೋಯುವವನಿಗೆ ಗಾಲ್ಫ್ ಯಾಕೆ ಸ್ವಾಮಿ?

ಗಾಲ್ಫ್ ಅಂದ ಕೂಡಲೇ ನಮ್ಮ ಓದುಗರಲ್ಲಿ ಅರ್ಧ ಜನ ಪುಟ ಮಗುಚುತ್ತಾರೆ ಅಂತ ನಮಗೆ ಗೊತ್ತು. ಅಂಗಡಿ ಗಲ್ಲಾದ ಮುಂದೆ ಕೂತವರಿಗೆ ಗಾಲ್ಫ್ ಯಾಕೆ? ಆರೂಕಾಲರ ಬಸ್ಸಿಗೆ ಕಾದು ನಿಂತವರಿಗೆ ಗಾಲ್ಫ್ ಯಾಕೆ? ಅದು ದೊಡ್ಡವರ ಆಟ. ನಮ್ಮ ಚಾಮುಂಡಿ ಬೆಟ್ಟದ ಮೇಲಿಂದ ಕೆಳಗೆ ನೋಡಿದರೆ ರೇಸ್ ಕೋರ್ಸಿನ ದುಂಡನೆಯ ಹಸಿರು ಕಾಣುತ್ತದಲ್ಲ, ಅದರೊಳಗೇ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಇದೆ. ಬೆಂಗಳೂರಿಗೆ ಹೋಗಿ ಬರುವವರು ಸ್ಯಾಂಕಿ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಬೆಂಗಳೂರು ಗಾಲ್ಫ್ ಕ್ಲಬ್ಬಿನ ಮರಗಿಡ ನೋಡಿರುತ್ತಾರೆ. ಅದು 1876ರಲ್ಲಿ ಶುರುವಾದದ್ದು. ನೋಡಿದ್ದು ಅಷ್ಟೇ. ಒಳಗೆ ಏನು ನಡೆಯುತ್ತದೆ ಅನ್ನೋದು ನಮ್ಮ ನಿಮ್ಮಂಥವರಿಗೆ ಸಂಬಂಧಪಡದ ವಿಚಾರ.

ಆದರೂ ಇವತ್ತು ಗಾಲ್ಫಿನ ಬಗ್ಗೆಯೇ ಬರೆಯುತ್ತಿದ್ದೇವೆ. ಅದಕ್ಕೆ ಕಾರಣ ಒಬ್ಬ ಟೈಲರ್.

ನಮ್ಮ ಕಚೇರಿಯ ಕೆಳಗಡೆಯೇ ಅವರ ಅಂಗಡಿ. ಎಳವೆಯಲ್ಲಿ ಪೋಲಿಯೋ ಬಡಿದು ಎಡಗಾಲು ಸಣ್ಣದಾಗಿದೆ. ಕ್ಯಾಲಿಪರ್ ಕಟ್ಟಿಕೊಂಡು ಊರಾಚೆಯಿಂದ ದಿನಾ ಬಸ್ಸಲ್ಲೇ ಬಂದು ಹೋಗುತ್ತಾರೆ. ಸಂಜೆ ಪೇಪರಿನ ಕಟ್ಟು ಇಳಿದ ಕೂಡಲೇ ಮೊದಲ ಪ್ರತಿ ಅವರ ಕೈಗೇ ಹೋಗಬೇಕು. ಮೊನ್ನೆ ಒಂದು ಚಿತ್ರ ತೋರಿಸಿದರು. ಮೂರು ಗಾಲಿಯ ಯಂತ್ರ, ಅದರ ಸೀಟೇ ಎದ್ದು ನಿಂತು ಒಳಗಿದ್ದ ಮನುಷ್ಯನನ್ನೂ ಎತ್ತಿ ನಿಲ್ಲಿಸಿದೆ. ಎದೆಗೆ ಪಟ್ಟಿ, ಮೊಣಕಾಲಿಗೆ ಪಟ್ಟಿ. ಆತ ಕೋಲು ಬೀಸಿ ಗಾಲ್ಫ್ ಚೆಂಡು ಹೊಡೆಯುತ್ತಿದ್ದಾನೆ.

‘ಏನ್ಸಾರ್ ಇದು? ಕುಂಟರಿಗೂ ಗಾಲ್ಫಾ?’ ಅಂದರು ಟೈಲರ್. ‘ನಂಗೆ ಬ್ಯಾಂಕಿನ ಮೂರು ಮೆಟ್ಲು ಹತ್ಸಿಬಿಟ್ರೆ ಸಾಕಾಗಿತ್ತು.’

ಮಾತು ನಗೆಯದ್ದಾದರೂ ಪ್ರಶ್ನೆ ನಗೆಯದ್ದಲ್ಲ. ಅದರಲ್ಲಿ ಎರಡು ಪ್ರಶ್ನೆ ಇವೆ. ಕೈಕಾಲು ಸರಿಯಿಲ್ಲದವರು ಗಾಲ್ಫ್ ಆಡೋದು ಸಾಧ್ಯವಾ? ಸಾಧ್ಯವಾದರೂ, ಮೆಟ್ಟಿಲು ಹತ್ತೋಕ್ಕೇ ಗತಿಯಿಲ್ಲದ ಊರಲ್ಲಿ ಆ ಮಾತು ಯಾಕೆ? ಉತ್ತರ ಹುಡುಕುತ್ತಾ ಹೋದರೆ ಅದು ಅಮೆರಿಕದ ಸುಪ್ರೀಂ ಕೋರ್ಟಿನ ತನಕ ಹೋಯಿತು.

ಹ್ಯಾಂಡಿಕ್ಯಾಪ್ ಅಂದರೆ ಏನು?

ಮೊದಲು ಆಟ ಏನು ಅಂತ ನೋಡೋಣ. ಹದಿನೆಂಟು ಕುಳಿ. ಚೆಂಡನ್ನು ಕೋಲಿನಿಂದ ಹೊಡೆಯುತ್ತಾ ಒಂದೊಂದೇ ಕುಳಿಗೆ ಕೆಡವಬೇಕು. ಕಮ್ಮಿ ಹೊಡೆತದಲ್ಲಿ ಮುಗಿಸಿದವನು ಗೆದ್ದ. ಕ್ರಿಕೆಟ್ಟಿನ ಹಾಗೆ ಚೆಂಡು ನಮ್ಮ ಮೇಲೆ ನುಗ್ಗಿ ಬರೋದಿಲ್ಲ. ಕಬಡ್ಡಿಯ ಹಾಗೆ ಎದುರಾಳಿ ಕಾಲು ಹಿಡಿದು ಎಳೆಯೋದಿಲ್ಲ. ಚೆಂಡು ಹುಲ್ಲಿನ ಮೇಲೆ ಸುಮ್ಮನೆ ಕೂತಿರುತ್ತದೆ. ನೀವು ಸಿದ್ಧವಾದಾಗ ಹೊಡೆಯಬಹುದು. ಅಂಗವಿಕಲರಿಗೆ ಒಗ್ಗುವ ಆಟಗಳನ್ನು ಲೆಕ್ಕ ಹಾಕಿದರೆ ಇದು ಮೊದಲ ಸಾಲಲ್ಲೇ ಬರಬೇಕು.

ಇನ್ನೊಂದು ತಮಾಷೆ ಇದೆ. ನಮ್ಮ ಬಸ್ಸಲ್ಲಿ ‘ಹ್ಯಾಂಡಿಕ್ಯಾಪ್ಡ್ ಸೀಟು’ ಅಂತೀವಲ್ಲ, ಗಾಲ್ಫಿನಲ್ಲಿ ಆ ಮಾತಿಗೆ ಬೇರೆಯೇ ಅರ್ಥ. ಅಲ್ಲಿ ಹ್ಯಾಂಡಿಕ್ಯಾಪ್ ಅಂದರೆ ಕಮ್ಮಿ ಆಡುವವನಿಗೆ ಕೊಡುವ ಹೊಡೆತದ ರಿಯಾಯಿತಿ. ಹದಿನೆಂಟು ಹ್ಯಾಂಡಿಕ್ಯಾಪ್ ಇರುವವನು 90 ಹೊಡೆತದಲ್ಲಿ ಆಟ ಮುಗಿಸಿದರೆ ಲೆಕ್ಕಕ್ಕೆ ಹಿಡಿಯೋದು 72. ಹೀಗೆ ಮಾಡಿದ್ದರಿಂದಲೇ ಕ್ಲಬ್ಬಿನ ಪಳಗಿದ ಆಟಗಾರನೂ ನಿನ್ನೆ ಕೋಲು ಹಿಡಿದ ಸಾಹೇಬರೂ ಒಟ್ಟಿಗೆ ಪಂದ್ಯ ಆಡಬಹುದು. ಈ ರಿಯಾಯಿತಿಯನ್ನು ಯಾರೂ ಮೋಸ ಅನ್ನೋದಿಲ್ಲ. ದೊಡ್ಡ ದೊಡ್ಡವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆದರೆ ಕಾಲಿಲ್ಲದವನೊಬ್ಬ ‘ನನಗೆ ಕೂತು ಹೋಗೋಕ್ಕೆ ಒಂದು ಗಾಡಿ ಬೇಕು’ ಅಂದಾಗ ಮಾತ್ರ ‘ಆಟದ ಮರ್ಯಾದೆ ಹೋಯಿತು’ ಅಂತ ಗಲಾಟೆ ಎದ್ದಿತು.

ಒರೆಗಾನಿನ ಹುಡುಗ

ಕೇಸಿ ಮಾರ್ಟಿನ್ ಎಂಬಾತ ಹುಟ್ಟಿದ್ದು 1972ರಲ್ಲಿ, ಅಮೆರಿಕದ ಒರೆಗಾನ್ ರಾಜ್ಯದ ಯೂಜೀನ್ ಎಂಬ ಊರಲ್ಲಿ. ಹುಟ್ಟಿನಿಂದಲೇ ಬಲಗಾಲಿನಲ್ಲಿ ರಕ್ತನಾಳದ ದೋಷ. ಕಾಲಿಗೆ ಇಳಿದ ರಕ್ತ ಸರಿಯಾಗಿ ವಾಪಸು ಹೃದಯಕ್ಕೆ ಏರೋದಿಲ್ಲ. ಕಾಲು ಬಾತುಕೊಳ್ಳುತ್ತದೆ, ಮೂಳೆ ಸವೆಯುತ್ತದೆ, ನೋವು ಹಗಲೂ ರಾತ್ರಿ ಬಿಡೋದಿಲ್ಲ. ಜಾಸ್ತಿ ನಡೆದರೆ ಮೂಳೆ ಮುರಿಯಬಹುದು, ಕಾಲನ್ನೇ ಕತ್ತರಿಸಬೇಕಾಗಬಹುದು ಅಂತ ಡಾಕ್ಟರುಗಳ ಎಚ್ಚರಿಕೆ.

ಆದರೆ ಹುಡುಗನ ಕೈಯಲ್ಲಿ ಆಟ ಇತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದ. ಆ ತಂಡ 1994ರಲ್ಲಿ ರಾಷ್ಟ್ರಮಟ್ಟದ ಕಾಲೇಜು ಚಾಂಪಿಯನ್ ಆಯಿತು. ಆಮೇಲೆ ಅದೇ ತಂಡಕ್ಕೆ ಇನ್ನೊಬ್ಬ ಹುಡುಗ ಬಂದು ಸೇರಿಕೊಂಡ. ಹೆಸರು ಟೈಗರ್ ವುಡ್ಸ್. ಗಾಲ್ಫ್ ಗೊತ್ತಿಲ್ಲದವರಿಗೂ ಆ ಹೆಸರು ಗೊತ್ತು.

ಮಾರ್ಟಿನ್ ವೃತ್ತಿ ಆಟಗಾರನಾದ. ದೊಡ್ಡ ಪಂದ್ಯಗಳನ್ನು ನಡೆಸುವ ಸಂಸ್ಥೆ ಪಿಜಿಎ ಟೂರ್. ಅದರೊಳಗೆ ಹೋಗಬೇಕಾದರೆ ಮೂರು ಹಂತದ ಅರ್ಹತಾ ಪಂದ್ಯ ಆಡಬೇಕು. ಮೊದಲೆರಡು ಹಂತದಲ್ಲಿ ಯಾರು ಬೇಕಾದರೂ ಗಾಲ್ಫ್ ಕಾರ್ಟ್, ಅಂದರೆ ಪುಟ್ಟ ಬ್ಯಾಟರಿ ಗಾಡಿಯಲ್ಲಿ ಓಡಾಡಬಹುದಿತ್ತು. ಮೂರನೇ ಹಂತಕ್ಕೆ ಬಂದರೆ ನಡೆದೇ ಆಡಬೇಕು ಅಂತ ನಿಯಮ. ನನಗೆ ನಡೆಯೋಕ್ಕೆ ಆಗೋದಿಲ್ಲ, ಗಾಡಿ ಕೊಡಿ ಅಂತ ಮಾರ್ಟಿನ್ ಕೇಳಿದ. ಸಂಸ್ಥೆ ಒಪ್ಪಲಿಲ್ಲ. 1997ರ ಕೊನೆಗೆ ಆತ ಕೋರ್ಟು ಮೆಟ್ಟಿಲು ಹತ್ತಿದ.

ಕೋರ್ಟಿನಲ್ಲಿ ಸಂಸ್ಥೆಯ ಕಡೆ ನಿಂತವರು ಸಾಮಾನ್ಯರಲ್ಲ. ಆರ್ನಾಲ್ಡ್ ಪಾಮರ್, ಜ್ಯಾಕ್ ನಿಕ್ಲಾಸ್, ಅಂದರೆ ನಮ್ಮ ಕ್ರಿಕೆಟ್ಟಿಗೆ ಗಾವಸ್ಕರ್, ವಿಶ್ವನಾಥ್ ಇದ್ದ ಹಾಗೆ. ಅವರೆಲ್ಲ ಸಾಕ್ಷಿ ಹೇಳಿದರು. ನಡಿಗೆ ಆಟದ ಭಾಗ, ಸುಸ್ತಾದ ಮೇಲೂ ನೆಟ್ಟಗೆ ಹೊಡೆಯೋದರಲ್ಲೇ ಗಂಡಸುತನ ಇದೆ, ಒಬ್ಬನಿಗೆ ಗಾಡಿ ಕೊಟ್ಟರೆ ಉಳಿದವರಿಗೆ ಅನ್ಯಾಯ ಅನ್ನೋದು ಆ ಪಕ್ಷದ ವಾದದ ಸಾರಾಂಶ. ಕೇಳೋಕ್ಕೆ ನ್ಯಾಯವಾಗಿಯೇ ಕಾಣುತ್ತದೆ.

ಕೋರ್ಟು ಹಾಕಿದ ಲೆಕ್ಕ

ಆದರೆ ಕೆಳಗಿನ ಕೋರ್ಟಿನ ಜಡ್ಜು ಥಾಮಸ್ ಕಾಫಿನ್ ಅನ್ನುವವರು ಬರೀ ಮಾತಿಗೆ ಮರುಳಾಗದೆ ಲೆಕ್ಕ ಹಾಕಿಸಿದರು. ಒಂದು ಸುತ್ತಿನ ಆಟಕ್ಕೆ ಸುಮಾರು ಐದು ಮೈಲಿ ನಡಿಗೆ, ಐದು ಗಂಟೆ ಹೊತ್ತು. ಆ ನಡಿಗೆಗೆ ಖರ್ಚಾಗುವ ಶಕ್ತಿ ಸುಮಾರು 500 ಕ್ಯಾಲೊರಿ ಅಂತ ತಜ್ಞರು ಸಾಕ್ಷಿ ಹೇಳಿದರು. ಅಂದರೆ ಹೋಟೆಲಿನ ಒಂದು ಹೊಟ್ಟೆತುಂಬಾ ತಿಂಡಿ! ಅದೂ ನಡುನಡುವೆ ನಿಂತು, ನೀರು ಕುಡಿದು, ಆರಾಮವಾಗಿ ನಡೆಯೋದು. ಇನ್ನು ಮಾರ್ಟಿನ್ ಗಾಡಿಯಲ್ಲಿ ಹೋದರೂ, ಗಾಡಿಯಿಂದ ಇಳಿದು ಚೆಂಡಿನ ತನಕ, ಕುಳಿಯ ತನಕ ಒಂದು ಮೈಲಿಗೂ ಜಾಸ್ತಿ ನಡೆಯಲೇಬೇಕಿತ್ತು. ಗಟ್ಟಿ ಕಾಲಿನವನ ಐದು ಮೈಲಿಯ ಸುಸ್ತಿಗಿಂತ ಈತನ ಒಂದು ಮೈಲಿಯ ಸುಸ್ತು ದೊಡ್ಡದು ಅಂತ ಜಡ್ಜು ತೀರ್ಮಾನಿಸಿದರು. ಅಂಗಡಿಯವರಿಗೆ ಹೇಳಬೇಕಾದ್ದಿಲ್ಲ. ತಕ್ಕಡಿಯ ಎರಡು ತಟ್ಟೆಯನ್ನೂ ನೋಡಿಯೇ ತೂಕ ಹೇಳಬೇಕು.

ಕೋರ್ಟಿನ ಮಧ್ಯಂತರ ಅನುಮತಿ ಇದ್ದಾಗಲೇ, 1998ರ ಜನವರಿಯಲ್ಲಿ, ಮಾರ್ಟಿನ್ ಎರಡನೇ ದರ್ಜೆಯ ನೈಕಿ ಟೂರಿನ ಮೊದಲ ಪಂದ್ಯವನ್ನೇ ಗೆದ್ದ. ಅದೇ ವರ್ಷ ಅಮೆರಿಕನ್ ಓಪನ್ ಪಂದ್ಯಾವಳಿಯಲ್ಲಿ 23ನೇ ಸ್ಥಾನ ಹಂಚಿಕೊಂಡ. 2000ದಲ್ಲಿ ಮೇಲಿನ ಕೋರ್ಟೂ ಆತನ ಪರ ನಿಂತಿತು. ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು.

2001ರ ಮೇ 29ರಂದು ತೀರ್ಪು ಬಂತು. ಒಂಬತ್ತು ಜಡ್ಜುಗಳಲ್ಲಿ ಏಳು ಜನ ಮಾರ್ಟಿನ್ ಪರ, ಇಬ್ಬರು ವಿರುದ್ಧ. ಬಹುಮತದ ತೀರ್ಪು ಬರೆದವರು ಜಸ್ಟಿಸ್ ಸ್ಟೀವನ್ಸ್. ಗಾಲ್ಫಿನ ಜೀವಾಳ ಇರೋದು ಚೆಂಡು ಹೊಡೆಯೋದರಲ್ಲಿ, ಒಂದು ಕುಳಿಯಿಂದ ಇನ್ನೊಂದಕ್ಕೆ ಹೇಗೆ ಹೋದಿರಿ ಅನ್ನೋದರಲ್ಲಿ ಅಲ್ಲ ಅಂತ ಅವರ ಮಾತಿನ ತಾತ್ಪರ್ಯ. ಅದೇ ಸಂಸ್ಥೆ ವಯಸ್ಸಾದವರ ಪಂದ್ಯದಲ್ಲಿ ಗಾಡಿ ಬಿಟ್ಟಿತ್ತು, ಅರ್ಹತೆಯ ಮೊದಲ ಹಂತಗಳಲ್ಲಿ ಬಿಟ್ಟಿತ್ತು. ಹಾಗಾದರೆ ನಡಿಗೆ ಇಲ್ಲದೆ ಗಾಲ್ಫೇ ಇಲ್ಲ ಅನ್ನೋದು ಹೇಗೆ? ವಿರುದ್ಧ ಬರೆದ ಜಸ್ಟಿಸ್ ಸ್ಕಾಲಿಯಾ ಸಾಹೇಬರು ಮಾತ್ರ ಚೆನ್ನಾಗಿ ಕುಟುಕಿದರು. ಗಾಲ್ಫ್ ಅಂದರೆ ಏನು ಅಂತ ತೀರ್ಮಾನಿಸೋದು ದೇಶದ ಅತ್ಯುನ್ನತ ನ್ಯಾಯಾಲಯದ ಕೆಲಸವೇ ಅಂತ ಅವರ ಗೇಲಿ.

ಗೇಲಿ ಏನೇ ಇರಲಿ, ಆ ಪ್ರಶ್ನೆ ಒಳ್ಳೆಯ ಪ್ರಶ್ನೆ. ಯಾವ ಕೆಲಸ ತೆಗೆದುಕೊಂಡರೂ ಕೇಳಬಹುದು: ಇದರಲ್ಲಿ ತಿರುಳು ಯಾವುದು, ನಾವು ರೂಢಿಗೆ ಬಿದ್ದು ಕಟ್ಟಿಕೊಂಡ ಸಿಪ್ಪೆ ಯಾವುದು? ಬ್ಯಾಂಕಿನ ತಿರುಳು ದುಡ್ಡು ಕಟ್ಟೋದು, ತೆಗೆಯೋದು. ಮೆಟ್ಟಿಲು ತಿರುಳಲ್ಲ. ಬಸ್ಸಿನ ತಿರುಳು ಊರು ಸೇರಿಸೋದು. ಓಡುವ ಬಸ್ಸಿಗೆ ಜಿಗಿದು ಹತ್ತುವ ಸಾಹಸ ತಿರುಳಲ್ಲ.

ಹೆದರಿದ್ದು ಆಗಲಿಲ್ಲ

‘ಇವತ್ತು ಒಬ್ಬನಿಗೆ ಗಾಡಿ ಕೊಟ್ಟರೆ ನಾಳೆ ಎಲ್ಲರೂ ಸೊಂಟನೋವು ಅಂತ ಚೀಟಿ ತರುತ್ತಾರೆ’ ಅಂತ ಆಗ ಹೆದರಿದ್ದರು. ಹಾಗೇನೂ ಆಗಲಿಲ್ಲ. ದೊಡ್ಡ ಪಂದ್ಯಗಳಲ್ಲಿ ಗಾಡಿ ಕೇಳಿದವರು ಬೆರಳೆಣಿಕೆಯಷ್ಟು ಮಂದಿ. 2019ರಲ್ಲಿ ಮೊಣಕಾಲು ನೋವಿನ ಜಾನ್ ಡೇಲಿಗೆ ಅಮೆರಿಕದ ಪಿಜಿಎ ಚಾಂಪಿಯನ್‌ಷಿಪ್ಪಿನಲ್ಲಿ ಗಾಡಿ ಸಿಕ್ಕಿತು. ಅದೇ ವರ್ಷ ಬ್ರಿಟನ್ನಿನ ಓಪನ್ ಪಂದ್ಯಾವಳಿಯವರು ಆಗೋದಿಲ್ಲ ಅಂದರು. ಕಾನೂನು ದೇಶದಿಂದ ದೇಶಕ್ಕೆ ಬೇರೆ.

ಮಾರ್ಟಿನ್‌ಗೆ ದೊಡ್ಡ ಟೂರಿನಲ್ಲಿ ಹೆಚ್ಚು ದಿನ ಉಳಿಯೋಕ್ಕೆ ಆಗಲಿಲ್ಲ. ಆತ ಗೆದ್ದದ್ದು ಆಡುವ ಹಕ್ಕನ್ನು. ಪದಕವನ್ನು ಯಾವ ಕೋರ್ಟೂ ಕೊಡೋದಿಲ್ಲ, ಕೊಡಬಾರದು. 2006ರಲ್ಲಿ ಒರೆಗಾನ್ ವಿಶ್ವವಿದ್ಯಾಲಯದ ತಂಡದ ಕೋಚ್ ಆದ. ಆ ತಂಡ 2016ರಲ್ಲಿ ಕಾಲೇಜು ಚಾಂಪಿಯನ್ ಆಯಿತು. 2021ರ ಅಕ್ಟೋಬರಿನಲ್ಲಿ, ಡಾಕ್ಟರುಗಳು ಮೊದಲಿಂದ ಹೇಳುತ್ತಿದ್ದಂತೆಯೇ, ಬಲಗಾಲನ್ನು ಕತ್ತರಿಸಬೇಕಾಯಿತು.

ವಿಧಿಯ ಆಟ ನೋಡಿ. ಅದೇ 2021ರ ಫೆಬ್ರವರಿಯಲ್ಲಿ ಟೈಗರ್ ವುಡ್ಸ್ ಕಾರು ಮಗುಚಿ ಅವರ ಬಲಗಾಲೂ ಪುಡಿಪುಡಿಯಾಯಿತು. ರಾಡು, ಸ್ಕ್ರೂ ಹಾಕಿಸಿಕೊಂಡು 2022ರ ಏಪ್ರಿಲ್‌ನಲ್ಲಿ ಮಾಸ್ಟರ್ಸ್ ಪಂದ್ಯಕ್ಕೆ ಬಂದು, ಕುಂಟುತ್ತಾ ನಡೆದೇ ನಾಲ್ಕು ದಿನ ಆಡಿದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಹೊಡೆಯಲಿ, ತಪ್ಪಿಲ್ಲ. ನಡೆಯಬಲ್ಲವನು ನಡೆಯೋದು ಅವನ ಇಷ್ಟ. ನಡೆಯಲಾರದವನಿಗೆ ಗಾಡಿ ಸಿಗಬೇಕಾದ್ದು ಹಕ್ಕು. ಒಂದು ಕಾಲೇಜಿನ ಇಬ್ಬರು ಹುಡುಗರ ಕತೆಯಲ್ಲಿ ಎರಡೂ ಇದೆ.

ಕಣ್ಣಿಲ್ಲದವರೂ ಆಡುತ್ತಾರೆ

ಇದೆಲ್ಲ ಹೊಸ ಕಾಲದ ಕರುಣೆ ಅಂದುಕೊಳ್ಳಬೇಡಿ. ಅರ್ನೆಸ್ಟ್ ಜೋನ್ಸ್ ಅನ್ನುವ ಇಂಗ್ಲಿಷ್ ಆಟಗಾರ ಮೊದಲ ಮಹಾಯುದ್ಧದಲ್ಲಿ, 1916ರಲ್ಲಿ, ಬಲಗಾಲು ಕಳೆದುಕೊಂಡ. ಆಸ್ಪತ್ರೆಯಿಂದ ಬಂದವನು ಒಂಟಿಕಾಲಲ್ಲಿ ನಿಂತು 83 ಹೊಡೆತಕ್ಕೆ ಹದಿನೆಂಟು ಕುಳಿ ಮುಗಿಸಿದ. ಎರಡು ಕಾಲಿನ ಎಷ್ಟೋ ಮಂದಿಗೆ ಅದು ಕನಸು. ಆಮೇಲೆ ಅಮೆರಿಕದಲ್ಲಿ ಹೆಸರುವಾಸಿ ಗುರುವಾದ. ವಿಮಾನ ಅಪಘಾತದಲ್ಲಿ 1931ರಲ್ಲಿ ಎರಡೂ ಕಾಲು ಹೋದ ಡಗ್ಲಾಸ್ ಬೇಡರ್ ಎರಡನೇ ಮಹಾಯುದ್ಧದಲ್ಲಿ ಯುದ್ಧವಿಮಾನವನ್ನೂ ಹಾರಿಸಿದ, ಕೃತಕ ಕಾಲಲ್ಲಿ ಗಾಲ್ಫನ್ನೂ ಆಡಿದ. ಒಂದೇ ಕೈಯವರ ಗಾಲ್ಫ್ ಸಂಘ 1932ರಲ್ಲೇ ಸ್ಕಾಟ್ಲೆಂಡಿನಲ್ಲಿ ಹುಟ್ಟಿತು.

ಇನ್ನು ಕಣ್ಣು ಕಾಣದವರ ಗಾಲ್ಫ್. ಅಮೆರಿಕದ ಡುಲೂತ್ ಎಂಬ ಊರಿನ ಕ್ಲಿಂಟ್ ರಸೆಲ್‌ಗೆ 1924ರಲ್ಲಿ ಟೈರು ಸಿಡಿದು ಕಣ್ಣು ಹೋಯಿತು. ಮರುವರ್ಷವೇ ಮತ್ತೆ ಕೋಲು ಹಿಡಿದ. ಆಡೋದು ಹೇಗೆ ಅಂತೀರಾ? ಜೊತೆಗೊಬ್ಬ ಸಹಾಯಕ ಇರುತ್ತಾನೆ. ಎಷ್ಟು ಗಜ ದೂರ, ಯಾವ ಕಡೆ ಇಳಿಜಾರು ಅಂತ ಹೇಳಿ, ಕೋಲಿನ ತುದಿಯನ್ನು ಚೆಂಡಿನ ಹಿಂದೆ ಸರಿಯಾಗಿ ಇಡಿಸಿ, ಪಕ್ಕಕ್ಕೆ ಸರಿಯುತ್ತಾನೆ. ಹೊಡೆತ ಮಾತ್ರ ಆಟಗಾರನದ್ದೇ. ನಮ್ಮವರಿಗೆ ಇದು ಅರ್ಥವಾಗದ ಮಾತೇನಲ್ಲ. ಗಿಲಿಗಿಲಿ ಸದ್ದಿನ ಚೆಂಡಿನಲ್ಲಿ ಆಡುವ ಅಂಧರ ಕ್ರಿಕೆಟ್ಟಿನ ಮೊದಲ ಟಿ-20 ವಿಶ್ವಕಪ್ ನಡೆದದ್ದೇ ಬೆಂಗಳೂರಲ್ಲಿ, 2012ರ ಡಿಸೆಂಬರಿನಲ್ಲಿ. ಗೆದ್ದ ಭಾರತ ತಂಡದ ನಾಯಕ ನಮ್ಮ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್.

ನಿಯಮ ಪುಸ್ತಕವೇ ಬದಲಾಯಿತು

ಇಷ್ಟು ದಿನ ಇಂಥವರಿಗೆ ಗಾಲ್ಫಿನ ನಿಯಮಗಳಲ್ಲಿ ಬೇರೆ ಹಾಳೆ ಇತ್ತು. ಪಂದ್ಯ ನಡೆಸುವವರು ಇಷ್ಟವಿದ್ದರೆ ಬಳಸಬಹುದು, ಇಲ್ಲದಿದ್ದರೆ ಇಲ್ಲ. 2023ರ ಜನವರಿ 1ರಿಂದ ಅದನ್ನು ಮುಖ್ಯ ಪುಸ್ತಕದ ಒಳಗೇ ತಂದರು. ಅದಕ್ಕೆ ನಿಯಮ 25 ಅಂತ ಹೆಸರು. ಎಲ್ಲ ಪಂದ್ಯಕ್ಕೂ ಅದು ಅನ್ವಯ. ಯಾರ ದಾಕ್ಷಿಣ್ಯವೂ ಬೇಕಿಲ್ಲ.

ಅದರಲ್ಲಿ ಇರುವುದೇನು? ಕಣ್ಣು ಕಾಣದವನು ಸಹಾಯಕನ ನೆರವಿನಿಂದ ಗುರಿ ಹಿಡಿಯಬಹುದು. ಮರಳುಗುಂಡಿಯಲ್ಲಿ ಹೊಡೆಯುವ ಮುಂಚೆ ಕೋಲು ಮರಳಿಗೆ ತಾಗಿದರೆ ಬೇರೆಯವರಿಗೆ ದಂಡ, ಅವನಿಗೆ ಇಲ್ಲ. ಕೈಯಿಲ್ಲದವನ ಚೆಂಡನ್ನು ಬೇರೆಯವರು ಎತ್ತಿ ಇಟ್ಟುಕೊಡಬಹುದು. ಗಾಲಿಕುರ್ಚಿಯವನ ಚೆಂಡು ಮರಳುಗುಂಡಿಗೆ ಬಿದ್ದು ಅಲ್ಲಿ ಗಾಲಿ ಇಳಿಯದೇ ಹೋದರೆ, ಒಂದೇ ಹೊಡೆತದ ದಂಡ ತೆತ್ತು ಚೆಂಡನ್ನು ಹೊರಗೆ ತಂದು ಆಡಬಹುದು. ಬೇರೆಯವರಿಗೆ ಅದೇ ಕೆಲಸಕ್ಕೆ ಎರಡು ಹೊಡೆತ ದಂಡ. ಬುದ್ಧಿ ನಿಧಾನವಿರುವವರಿಗೆ ಜೊತೆಗೊಬ್ಬರು ಇದ್ದು ದಾರಿ ತೋರಿಸಬಹುದು. ಗಮನಿಸಿ: ಕುಳಿ ದೊಡ್ಡದು ಮಾಡಿಲ್ಲ, ದೂರ ಕಮ್ಮಿ ಮಾಡಿಲ್ಲ. ಆಟಕ್ಕೆ ಅಡ್ಡ ನಿಂತ ಕಲ್ಲನ್ನು ಮಾತ್ರ ಸರಿಸಿದ್ದಾರೆ.

2022ರ ಜುಲೈನಲ್ಲಿ ಅಮೆರಿಕದ ಪೈನ್‌ಹರ್ಸ್ಟಿನಲ್ಲಿ ಅಂಗವಿಕಲರ ಮೊದಲ ಅಮೆರಿಕನ್ ಅಡಾಪ್ಟಿವ್ ಓಪನ್ ನಡೆಯಿತು. ಆಡಿದವರು 96 ಮಂದಿ. ಗಂಡಸರಲ್ಲಿ ಗೆದ್ದದ್ದು ಆಟಿಸಂ ಇರುವ ಕೊರಿಯಾದ ಸೈಮನ್ ಲೀ, ಹೆಂಗಸರಲ್ಲಿ ಅಮೆರಿಕದ ರಯಾನ್ ಜ್ಯಾಕ್ಸನ್. 2023ರಲ್ಲಿ ಇಂಗ್ಲೆಂಡಿನ ವೋಬರ್ನಿನಲ್ಲಿ ಇಂಥದೇ ಇನ್ನೊಂದು ಓಪನ್ ಶುರುವಾಗಿ, ಕುಳ್ಳ ದೇಹದ ಐರ್ಲೆಂಡಿನ ಬ್ರೆಂಡನ್ ಲಾಲರ್ ಗೆದ್ದ. ಆದರೆ ಪ್ಯಾರಾಲಿಂಪಿಕ್ಸ್‌ನ ಬಾಗಿಲು ಮಾತ್ರ ಇನ್ನೂ ತೆರೆದಿಲ್ಲ. 2028ರ ಲಾಸ್ ಏಂಜಲೀಸ್ ಪಟ್ಟಿಯಲ್ಲೂ ಗಾಲ್ಫ್ ಇಲ್ಲ.

ಎಪ್ಪತ್ತೈದು ಗಜಕ್ಕೊಂದು ದಾರಿ

ನಿಯಮ ಒಂದು ಕಡೆ, ನೆಲ ಇನ್ನೊಂದು ಕಡೆ. ಗಾಡಿ ಇದ್ದರೂ ಗಾಡಿ ಹೋಗೋಕ್ಕೆ ದಾರಿ ಬೇಕಲ್ಲ? ಅಮೆರಿಕದವರು 2010ರ ಕಟ್ಟಡ ಮಾನದಂಡದಲ್ಲಿ ಇಂಚು ಲೆಕ್ಕದಲ್ಲಿ ಬರೆದಿಟ್ಟಿದ್ದಾರೆ. ಗಾಲ್ಫ್ ಗಾಡಿಯ ಹಾದಿ ಕನಿಷ್ಠ 48 ಇಂಚು ಅಗಲ ಇರಬೇಕು. ಹಾದಿಯ ಅಂಚಿಗೆ ಕಟ್ಟೆ ಕಟ್ಟಿದ್ದರೆ, 75 ಗಜ ದಾಟುವುದರೊಳಗೆ 60 ಇಂಚಿನ ಒಂದು ಕಿಂಡಿ ಬಿಟ್ಟಿರಬೇಕು, ಗಾಡಿ ಹುಲ್ಲಿಗೆ ಇಳಿಯೋಕ್ಕೆ. ಮಳೆ ಬಂದರೆ ನಿಲ್ಲುವ ಚಾವಣಿಯೊಳಗೂ ಗಾಡಿ ಹಿಡಿಸಬೇಕು.

‘ಗಾಲಿ ಉರುಳಿದರೆ ಹುಲ್ಲು ಹಾಳಾಗುತ್ತೆ’ ಅನ್ನೋದು ಹಳೇ ತಕರಾರು. ಟೈಲರ್ ತೋರಿಸಿದ ಚಿತ್ರದ ಯಂತ್ರಕ್ಕೆ ಅಗಲ ಟೈರು ಇರೋದೇ ಅದಕ್ಕೆ. ಭಾರ ಹಂಚಿ ಹೋಗುತ್ತದೆ. ಗದ್ದೆಗೆ ಸೈಕಲ್ ಇಳಿಸಿದರೆ ಹೂತುಕೊಳ್ಳುತ್ತದೆ, ಟ್ರ್ಯಾಕ್ಟರಿನ ದಪ್ಪ ಗಾಲಿ ಹೂಳೋದಿಲ್ಲ ಅನ್ನೋದು ನಮ್ಮ ರೈತರಿಗೆ ಗೊತ್ತಿರುವ ವಿದ್ಯೆ. ಕೂರಿಸಿಕೊಂಡು ಎತ್ತಿ ನಿಲ್ಲಿಸುವ ಆ ಯಂತ್ರ ದುಬಾರಿ, ಸುಳ್ಳು ಹೇಳೋದಿಲ್ಲ. ಆದರೆ ಕಟ್ಟೆಯಲ್ಲಿ ಕಿಂಡಿ ಬಿಡೋದು, ಕ್ಲಬ್ಬಿನ ಬಾಗಿಲಿಗೆ ಇಳಿಜಾರು ಹಾಕೋದು, ನೆರವಿಗೆ ಬರುವವರನ್ನು ಟಿಕೇಟಿಲ್ಲದೆ ಒಳಗೆ ಬಿಡೋದು, ಇದಕ್ಕೆ ಬೇಕಾದ್ದು ದುಡ್ಡಿಗಿಂತ ಮನಸ್ಸು.

ನಮ್ಮಲ್ಲಿ ಯಾರಿದ್ದಾರೆ?

ನಮ್ಮ ದೇಶದಲ್ಲಿ ಇಂಥವರು ಯಾರಿದ್ದಾರೆ ಅಂತ ಕೇಳಬೇಡಿ. ಹರಿಯಾಣದ ದೀಕ್ಷಾ ಡಾಗರ್‌ಗೆ ಹುಟ್ಟಿನಿಂದ ಕಿವಿ ಕೇಳಿಸೋದಿಲ್ಲ. ಎಡಗೈ ಆಟಗಾರ್ತಿ. ಕಿವುಡರ ಒಲಿಂಪಿಕ್ಸ್‌ನಲ್ಲಿ 2017ರಲ್ಲಿ ಬೆಳ್ಳಿ, ಬ್ರೆಜಿಲ್ಲಿನಲ್ಲಿ 2022ರ ಮೇ ತಿಂಗಳಲ್ಲಿ ನಡೆದ ಕೂಟದಲ್ಲಿ ಚಿನ್ನ. ಟೋಕಿಯೋ ಒಲಿಂಪಿಕ್ಸ್‌ಗೂ ಹೋದರು, 2024ರ ಪ್ಯಾರಿಸ್‌ಗೂ ಹೋದರು. ಗುರುಗ್ರಾಮದ ರಣವೀರ್ ಸಿಂಗ್ ಸೈನಿ, ಆಟಿಸಂ ಇರುವ ಹುಡುಗ, 2015ರಲ್ಲಿ ಲಾಸ್ ಏಂಜಲೀಸಿನ ಸ್ಪೆಷಲ್ ಒಲಿಂಪಿಕ್ಸ್‌ನಲ್ಲಿ ಗಾಲ್ಫಿನ ಚಿನ್ನ ತಂದ.

ಕರ್ನಾಟಕದ ಹೆಸರು ಬೇರೆ ಆಟಗಳಲ್ಲಿದೆ. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಬೆಳ್ಳಿ ತಂದರು. ಗಾಲಿಕುರ್ಚಿಯ ಮಾಲತಿ ಹೊಳ್ಳ ಅವರ ಹೆಸರು ನಿಮಗೆಲ್ಲ ಗೊತ್ತು. ಆಡುವವರಿಗೆ ಬರವಿಲ್ಲ. ಬಾಗಿಲಿಗೆ ಬರ.

ಕಾನೂನೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 30ನೇ ಕಲಮು ಕ್ರೀಡೆಗೇ ಮೀಸಲು. ಅಂಗವಿಕಲರು ಆಟಗಳಲ್ಲಿ ಸರಿಯಾಗಿ ಪಾಲ್ಗೊಳ್ಳುವಂತೆ ಸರ್ಕಾರ ಕ್ರಮ ತೆಗೆದುಕೊಳ್ಳಬೇಕು, ಕ್ರೀಡಾ ಸೌಕರ್ಯಗಳನ್ನು ಅವರಿಗೆ ಒಗ್ಗುವಂತೆ ಮಾರ್ಪಡಿಸಬೇಕು ಅಂತ ಅದರಲ್ಲಿದೆ. ಇನ್ನೊಂದು ವಿಷಯ ಅಂಗಡಿಯವರು ಗಮನಿಸಬೇಕು. ಆ ಕಾಯಿದೆಯಲ್ಲಿ ‘ಸಾರ್ವಜನಿಕ ಕಟ್ಟಡ’ ಅಂದರೆ ಬರೀ ಸರ್ಕಾರಿ ಆಫೀಸಲ್ಲ. ಜನ ಓಡಾಡುವ ಖಾಸಗಿ ಕಟ್ಟಡವೂ ಸೇರುತ್ತದೆ. ವ್ಯಾಪಾರದ್ದು, ಮನರಂಜನೆಯದ್ದು, ಬಸ್ ಸ್ಟ್ಯಾಂಡು ಎಲ್ಲ ಅದರಲ್ಲಿದೆ. ಗಾಲ್ಫಿನ ಮಾತಾಡುತ್ತಾ ನಿಮ್ಮ ಹೊಸ್ತಿಲಿಗೇ ಬಂದೆವು ನೋಡಿ.

ಈಗ ಟೈಲರ್ ಪ್ರಶ್ನೆಗೆ

ಮೆಟ್ಟಿಲಿಗೇ ಗತಿಯಿಲ್ಲದಾಗ ಗಾಲ್ಫ್ ಯಾಕೆ? ಇದು ನಿಜವಾದ ಪ್ರಶ್ನೆ. ಮೊದಲು ಬಸ್ಸು, ಬ್ಯಾಂಕು, ಆಸ್ಪತ್ರೆ. ಆಟ ಆಮೇಲೆ. ಇದಕ್ಕೆ ನಾವೂ ಎದುರಾಡೋದಿಲ್ಲ.

ಆದರೆ ಒಂದು ಮಾತು. ಅಂಗವಿಕಲರ ವಿಚಾರ ಬಂದಾಗಲೆಲ್ಲ ನಾವು ‘ಅವರಿಗೆ ಬೇಕಾದ್ದು’ ಅಂತ ಪಟ್ಟಿ ಮಾಡುತ್ತೇವೆ. ಪಿಂಚಣಿ, ಪಾಸು, ಗಾಲಿಕುರ್ಚಿ. ಬೇಕು, ಎಲ್ಲ ಬೇಕು. ಆದರೆ ಆ ಪಟ್ಟಿಯಲ್ಲಿ ಸುಮ್ಮನೆ ಖುಷಿಗೆ ಅಂತ ಯಾವುದೂ ಇರೋದಿಲ್ಲ. ನಾವು ಸಂಜೆ ಅಂಗಡಿ ಬಾಗಿಲು ಹಾಕಿ ಷಟಲ್ ಆಡಿದರೆ, ಇಸ್ಪೀಟು ಆಡಿದರೆ, ಯಾಕೆ ಅಂತ ಯಾರೂ ಅರ್ಜಿ ಕೇಳೋದಿಲ್ಲ. ಕ್ಯಾಲಿಪರ್ ಕಟ್ಟಿದವನು ಆಟ ಕೇಳಿದರೆ ಮಾತ್ರ ‘ಯಾಕೆ ಸ್ವಾಮಿ?’ ಅಂತೀವಿ. ನಾವೇ ಈ ಲೇಖನಕ್ಕೆ ಕೊಟ್ಟ ತಲೆಬರಹ ನೋಡಿ!

ಇನ್ನು ಮೆಟ್ಟಿಲಿನ ಲೆಕ್ಕ. ಇಳಿಜಾರಿಗೆ ಸಾಮಾನ್ಯ ಅಳತೆ ಒಂದಕ್ಕೆ ಹನ್ನೆರಡು. ಆರು ಇಂಚಿನ ಮೆಟ್ಟಿಲಿಗೆ ಆರಡಿ ಉದ್ದದ ಇಳಿಜಾರು. ಫುಟ್‌ಪಾತು ಒತ್ತುವರಿ ಆಗುತ್ತದೆ ಅಂದರೆ ಕಾಯಂ ಆಗಿ ಕಟ್ಟಬೇಡಿ. ಆರಡಿಯ ಗಟ್ಟಿ ಹಲಗೆಯೊಂದನ್ನು ಒಳಗೆ ಒರಗಿಸಿಡಿ. ಗಿರಾಕಿ ಬಂದಾಗ ಹಾಸಿ, ಹೋದ ಮೇಲೆ ಎತ್ತಿ. ಸಾಮಾನು ತುಂಬಿದ ತಳ್ಳುಗಾಡಿಗೂ, ಮಗುವನ್ನು ಎತ್ತಿಕೊಂಡ ತಾಯಿಗೂ, ಮಂಡಿನೋವಿನ ಅಜ್ಜನಿಗೂ ಅದೇ ಹಲಗೆ. ಹಾಗೆಯೇ ಬಸ್ಸಲ್ಲಿ ಹೋಗುವವರು ಮಾಡಬೇಕಾದ್ದೂ ಒಂದಿದೆ. ಅಂಗವಿಕಲರ ಸೀಟಿನಲ್ಲಿ ಕಣ್ಣು ಮುಚ್ಚಿ ನಿದ್ದೆ ನಟಿಸಬೇಡಿ. ಟೈಲರ್ ಹೇಳುವ ಪ್ರಕಾರ ನಮ್ಮ ಜನ ಅದರಲ್ಲಿ ಚಾಂಪಿಯನ್ನರು.

ಇಷ್ಟು ಬರೆದು, ಅಚ್ಚಿಗೆ ಕೊಡುವ ಮುಂಚೆ ಹಾಳೆಗಳನ್ನು ಕೆಳಗೆ ಒಯ್ದು ಟೈಲರ್‌ಗೆ ಓದಲು ಕೊಟ್ಟೆವು. ಮಷೀನ್ ನಿಲ್ಲಿಸಿ ಪೂರ್ತಿ ಓದಿದರು. ‘ಚೆನ್ನಾಗಿದೆ ಸಾರ್,’ ಅಂದರು. ಆಮೇಲೆ ತಲೆ ಎತ್ತಿ ನಮ್ಮ ಕಚೇರಿಯ ಮೆಟ್ಟಿಲು ನೋಡಿದರು. ‘ಹನ್ನೊಂದು ವರ್ಷ ಆಯ್ತು ಇಲ್ಲಿ ಅಂಗಡಿ ಇಟ್ಟು. ನಿಮ್ಮ ಆಫೀಸು ಹೆಂಗಿದೆ ಅಂತ ನಾನು ನೋಡೇ ಇಲ್ಲ.’

ಇಪ್ಪತ್ತೊಂದು ಮೆಟ್ಟಿಲು. ಲಿಫ್ಟ್ ಇಲ್ಲ. ಜಾಹೀರಾತು ಕೊಡುವವರು, ದೂರು ಹೇಳುವವರು, ಶ್ರದ್ಧಾಂಜಲಿ ಚಿತ್ರ ತರುವವರು ಎಲ್ಲರೂ ಅದನ್ನು ಹತ್ತಿಯೇ ಬರಬೇಕು. ಹತ್ತಲಾರದವರು ಎಷ್ಟು ಜನ ಕೆಳಗಿಂದಲೇ ವಾಪಸು ಹೋದರೋ, ಆ ಲೆಕ್ಕ ನಮ್ಮಲ್ಲಿಲ್ಲ.

ಬರುವ ಸೋಮವಾರದಿಂದ ದಿನಾ ಬೆಳಿಗ್ಗೆ ಹತ್ತರಿಂದ ಸಂಜೆ ಐದರ ತನಕ ಕೆಳಗಿನ ಜಗಲಿಯಲ್ಲಿ, ಟೈಲರ್ ಅಂಗಡಿಯ ಪಕ್ಕ, ನಮ್ಮದೊಂದು ಮೇಜು ಇರುತ್ತದೆ. ಜಾಹೀರಾತು, ದೂರು, ಸುದ್ದಿ ಎಲ್ಲವನ್ನೂ ಅಲ್ಲೇ ಕೊಡಬಹುದು. ಜಗಲಿಗೆ ಹತ್ತೋಕ್ಕೆ ಅರ್ಧ ಅಡಿಯ ಒಂದು ಕಟ್ಟೆ ಇದೆ. ಆರಡಿಯ ಹಲಗೆಗೆ ಬಡಗಿಗೆ ಹೇಳಿದ್ದೇವೆ.